ಕೆಂಪು ಬಟ್ಟೆ ಏಳದ ಬೆಳಗು

ಹೋದ ವರ್ಷ ಮೊಟ್ಟೆ ತುಂಬಿದ ಮೀನಿನ ಹಿಂಡೊಂದನ್ನು ಈ ದಡದವರು ಹಿಡಿಯದೆ ಬಿಟ್ಟರು. ಕೊಲ್ಲಿಯ ಬಾಯಲ್ಲಿ ಕಾದಿದ್ದ ದೊಡ್ಡ ದೋಣಿ ಅದನ್ನು ಬಳಿದುಕೊಂಡು ಹೋಗಿ ಕೋಳಿಮೇವಿನ ಕಾರ್ಖಾನೆಗೆ ಸುರಿಯಿತು.

ಹಿಡಿಯಬೇಡಿ ಅಂದವಳು ಗುಡ್ಡದಕ್ಕ. ದಡದವರು ಅವಳನ್ನು ಕರೆಯುವುದೇ ಹಾಗೆ. ಬೆಳಕು ಹರಿಯುವ ಹೊತ್ತಿಗೆ ಅವಳು ಕೊಲ್ಲಿಯ ನೆತ್ತಿಯ ಬಂಡೆ ಹತ್ತಿ, ಮಡಿಲಲ್ಲಿ ಕೆಂಪು ಬಟ್ಟೆ ಇಟ್ಟುಕೊಂಡು ಕೂತಿದ್ದಾಳೆ. ಕೆಳಗೆ ನೀರು ಒಲೆಯಿಂದ ಆಗಷ್ಟೇ ಇಳಿಸಿದ ಪಾತ್ರೆಯ ಹಾಗೆ ಹಬೆಯಾಡುತ್ತಿದೆ. ದಡದಲ್ಲಿ ಅವಳ ತಮ್ಮನ ತಂಡ ಬಲೆಯನ್ನು ದೋಣಿಗೆ ತುಂಬಿ, ಕತ್ತು ಮೇಲೆತ್ತಿ ನಿಂತಿದೆ. ನೀರಿನ ಮಟ್ಟದಲ್ಲಿ ನಿಂತವರಿಗೆ ಹಿಂಡು ಕಾಣುವುದಿಲ್ಲ, ಕಾಣುವುದು ಮೇಲಿನಿಂದ. ಅವಳು ಬಟ್ಟೆ ಎತ್ತಿದರೆ ದೋಣಿ ಹೊರಡಬೇಕು. ಎಡಕ್ಕೆ ಬೀಸಿದರೆ ಎಡಕ್ಕೆ, ಬಲಕ್ಕೆ ಬೀಸಿದರೆ ಬಲಕ್ಕೆ. ತಲೆಯ ಮೇಲೆ ಗಿರ್ರನೆ ತಿರುಗಿಸಿದರೆ ಬಲೆ ಬಿಡಬೇಕು. ಬಟ್ಟೆ ಮಡಿಲಲ್ಲೇ ಉಳಿದರೆ ಹರಟೆ ಹೊಡೆಯುತ್ತ ಕೂರಬೇಕು. ಈಚೆಗೆ ದಡದಲ್ಲಿ ಹರಟೆಯೇ ಹೆಚ್ಚು.

“ಮೋಡದ ನೆರಳು ಗಾಳಿ ತಳ್ಳಿದ ಕಡೆ ಹೋಗುತ್ತೆ, ಮೀನಿನ ನೆರಳು ತನಗೆ ಬೇಕಾದ ಕಡೆ ಹೋಗುತ್ತೆ. ಅಷ್ಟೇ ವ್ಯತ್ಯಾಸ,” ಅನ್ನುತ್ತಾಳೆ ನೀರಿನಿಂದ ಕಣ್ಣು ಕೀಳದೆ. “ದೊಡ್ಡ ವಿದ್ಯೆ ಏನಲ್ಲ. ತೂಕಡಿಕೆ ಬರಬಾರದು ನೋಡಿ, ಅದೇ ಕಷ್ಟ.”

ಇದು ಅಪ್ಪನ ಕೆಲಸ. ಬುತ್ತಿ ಕೊಡಲು ಬಂದ ಮಗಳು ಅಪ್ಪ ಉಂಡು ಮುಗಿಸುವವರೆಗೆ ಕಡಲು ಕಾಯುತ್ತಿದ್ದಳು. ಅಪ್ಪನ ಮಂಡಿ ಸೋತ ಮೇಲೆ ಬುತ್ತಿಯೂ ಅವಳದೇ, ಬಂಡೆಯೂ ಅವಳದೇ. ಬಟ್ಟೆಯ ಜೊತೆ ಅವನ ಒಂದು ಕಟ್ಟಳೆಯೂ ಬಂತು: ಮೊಟ್ಟೆ ಹೊತ್ತ ಹಿಂಡನ್ನು ತೋರಿಸಬಾರದು. ಅಂಥ ಹಿಂಡು ಅವಸರ ಮಾಡುವುದಿಲ್ಲ. ಬಸುರಿ ಮೆಟ್ಟಿಲು ಹತ್ತಿದ ಹಾಗೆ ನಿಂತು ನಿಂತು, ಹೊಳೆ ಕಡಲು ಸೇರುವಲ್ಲಿನ ಆಳವಿಲ್ಲದ ನೀರಿಗೆ ಸಾಗುತ್ತದೆ. “ಹೆರಿಗೆಗೆ ಬಂದವಳ ಕತ್ತು ಬಾಗಿಲಲ್ಲೇ ಹಿಸುಕ್ತಾರೇನೇ?” ಅನ್ನುತ್ತಿದ್ದನಂತೆ ಅಪ್ಪ.

ಅಪ್ಪನ ಕಾಲದಲ್ಲಿ ಈ ಕಟ್ಟಳೆ ಸಲೀಸಾಗಿತ್ತು. ಒಂದು ಹಿಂಡು ಬಿಟ್ಟರೆ ಸಂಜೆಗೆ ಇನ್ನೊಂದು ಬರುತ್ತಿತ್ತು. ಬಲೆ ಎಳೆಯಲು ಕೈ ಸಾಲದೆ ಮನೆಮನೆಯ ಹೆಂಗಸರು ಸೆರಗು ಸಿಕ್ಕಿಸಿ ಓಡಿಬರುತ್ತಿದ್ದರು. ಆಮೇಲೆ ದೊಡ್ಡ ದೋಣಿಗಳು ಬಂದವು. ಅವುಗಳ ಬಲೆಯ ಕಣ್ಣು ಸೊಳ್ಳೆಪರದೆಯ ಕಣ್ಣಿನಷ್ಟು. ತಳ ಕೆರೆದು ಮೀನು, ಮರಿ, ಕಸ ಎಲ್ಲವನ್ನೂ ಒಟ್ಟಿಗೆ ಎತ್ತುತ್ತವೆ. ತಿನ್ನಲು ಬಾರದ ಮರಿಯನ್ನು ಪುಡಿ ಮಾಡಿ ಕೋಳಿಗೆ ಹಾಕುತ್ತಾರೆ. ದಡದ ಹತ್ತಿರ ಅವು ಬರಬಾರದೆಂದು ಕಾನೂನಿದೆ. ಕಾನೂನಿಗೆ ಈಜು ಬರುವುದಿಲ್ಲ, ಕಚೇರಿಯಲ್ಲೇ ಕೂತಿದೆ.

ಆ ಕಚೇರಿಗೆ ಗುಡ್ಡದಕ್ಕ ಒಮ್ಮೆ ದೂರು ಕೊಡಲು ಹೋಗಿದ್ದಳು. “ದೋಣಿ ಇದೆಯಾ ಅಂದ್ರು. ಇಲ್ಲ ಅಂದೆ. ಬಲೆ? ಇಲ್ಲ ಅಂದೆ. ಹಾಗಾದ್ರೆ ನೀವು ಮೀನುಗಾರರೇ ಅಲ್ಲವಲ್ಲಮ್ಮ, ದೂರು ಹೇಗೆ ಕೊಡ್ತೀರಿ ಅಂದ್ರು. ಕಣ್ಣಿದೆ ಸ್ವಾಮಿ ಅಂದೆ. ಕಣ್ಣಿಗೆ ಮೀನುಗಾರರ ಕಾರ್ಡು ಕೊಡಲ್ವಂತೆ.” ನಗುತ್ತಾಳೆ. ಆ ಕಣ್ಣೂ ಈಗ ಪೂರ್ತಿ ಅವಳದಲ್ಲ. ಬಿಸಿಲು, ಉಪ್ಪುಗಾಳಿ, ನೀರಿನ ಝಳಕ್ಕೆ ಎಡಗಣ್ಣಿಗೆ ಪೊರೆ ಬರುತ್ತಿದೆ. ಹೋದ ವರ್ಷ ಹಿಂಡು ಬಿಟ್ಟಾಗ ದಡದಲ್ಲಿ ಹಬ್ಬಿದ ಮಾತೇ ಅದು: ಅಕ್ಕ ಬೇಕೆಂದು ಬಿಟ್ಟದ್ದಲ್ಲ, ಅಕ್ಕನಿಗೆ ಕಾಣಲೇ ಇಲ್ಲ.

ನಿನ್ನೆ ಸಂಜೆ ಬಲೆ ಒಣಹಾಕಿದ ಅಂಗಳದಲ್ಲಿ ತಮ್ಮ ಮಾತು ತೆಗೆದ. “ನೀನು ಬಿಡ್ತೀಯ, ಅವರು ಹಿಡೀತಾರೆ. ಪುಣ್ಯ ನಿನಗೆ, ಮೀನು ಅವರಿಗೆ. ನಮಗೇನಕ್ಕ, ಗಾಳಿನಾ?”

ಅವಳು ಬಲೆಯ ಹರಿದ ಕಣ್ಣೊಂದಕ್ಕೆ ಗಂಟು ಹಾಕತೊಡಗಿದಳು.

“ಈ ಸಲನೂ ಬಟ್ಟೆ ಎತ್ತದಿದ್ರೆ ಬಲೆ ಕತ್ತರಿಸಿ ಪಾಲು ಹಂಚ್ಕೋತೀವಿ. ಅದೇ ದೊಡ್ಡ ದೋಣಿಗೆ ಕೂಲಿಗೆ ಹೋಗ್ತೀವಿ. ಆಮೇಲೆ ನೀನು ಬಂಡೆ ಮೇಲೆ ಕೂತು ಕಾಗೆಗೆ ಬಟ್ಟೆ ತೋರ್ಸು.”

ಆ ಬಲೆಯನ್ನು ಹೆಣೆದದ್ದು ಹನ್ನೊಂದು ಮನೆ, ಒಂದೊಂದು ಮನೆ ಒಂದೊಂದು ಪಟ್ಟಿ. ಕತ್ತರಿಸಿದರೆ ಯಾರ ಪಾಲಿಗೂ ಬಲೆ ಬರುವುದಿಲ್ಲ, ಚಿಂದಿ ಬರುತ್ತದೆ. ತಮ್ಮನಿಗೂ ಇದು ಗೊತ್ತು. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ ಎನ್ನುವುದು ಗುಡ್ಡದಕ್ಕನಿಗೂ ಗೊತ್ತು. ಹೊಟ್ಟೆಗಿಲ್ಲದವರಿಗೆ ಕಟ್ಟಳೆ ಹೇಳುವ ಇಕ್ಕಟ್ಟಿಗೆ ಅವಳನ್ನು ತಳ್ಳಿದ ದೊಡ್ಡ ದೋಣಿಗಳ ಧಣಿಗಳು ಮಾತ್ರ ಎಲ್ಲೋ ಬೆಚ್ಚಗೆ ಮಲಗಿದ್ದಾರೆ.

ಬಿಸಿಲು ಬಂಡೆ ಮುಟ್ಟುವಾಗ ತಮ್ಮನ ಹೆಂಡತಿ ಚಹಾದ ಫ್ಲಾಸ್ಕು ಹಿಡಿದು ಏದುಸಿರು ಬಿಡುತ್ತ ಹತ್ತಿ ಬರುತ್ತಾಳೆ. “ಸ್ವರ್ಗಕ್ಕೂ ಇಷ್ಟು ಏರು ಇರಲ್ಲ, ಅತ್ತಿಗೆ,” ಎಂದು ಗೊಣಗಿ ಲೋಟಕ್ಕೆ ಬಗ್ಗಿಸುವವಳು ಹಾಗೇ ನಿಲ್ಲುತ್ತಾಳೆ. ಕೊಲ್ಲಿಯ ನಡುವೆ ಕಪ್ಪಗೊಂದು ಕಲೆ ಸರಿಯುತ್ತಿದೆ, ಗಾಳಿಗೆ ಎದುರಾಗಿ.

ಗುಡ್ಡದಕ್ಕ ಅದನ್ನು ಆಗಲೇ ಕಂಡಿದ್ದಾಳೆ. ನಿಂತು ನಿಂತು ಸಾಗುವುದನ್ನೂ ಕಂಡಿದ್ದಾಳೆ. ಹೋದ ವರ್ಷ ಕಂಬಳಿಯಷ್ಟಿದ್ದದ್ದು ಈ ಸಲ ಕರವಸ್ತ್ರದಷ್ಟಾಗಿದೆ. ಕೊಲ್ಲಿಯ ಬಾಯಲ್ಲಿ ದೊಡ್ಡ ದೋಣಿಯೂ ನಿಂತಿದೆ.

“ಅತ್ತಿಗೆ, ಎತ್ತಿ. ಕಾಲಿಗೆ ಬೀಳ್ತೀನಿ, ಎತ್ತಿ. ಅವರ ಪಾಲಾಗೋದು ನಮ್ಮ ಪಾಲಾಗ್ಲಿ.”

“ಹೋದ ವರ್ಷ ಎಲ್ಲಾ ಬಳ್ಕೊಂಡು ಹೋದ್ರು ಅಂದ್ರಲ್ಲ,” ಅನ್ನುತ್ತಾಳೆ ಗುಡ್ಡದಕ್ಕ ಮೆಲ್ಲಗೆ. “ಮತ್ತೆ ಇವು ಎಲ್ಲಿಂದ ಬಂದ್ವು? ಒಂದಿಷ್ಟು ತಪ್ಪಿಸ್ಕೊಂಡಿತ್ತು ತಾನೇ?”

ತಮ್ಮನ ಹೆಂಡತಿ ಬಂಡೆಯ ಅಂಚಿಗೆ ಓಡಿ ಗಂಡನನ್ನು ಕೂಗುತ್ತಾಳೆ. ಕೆಳಗೆ ಹುಟ್ಟುಗಳು ನೀರಿಗೆ ಬೀಳುತ್ತವೆ, ದೋಣಿ ಹೊರಟು ನಿಲ್ಲುತ್ತದೆ. ಎಡಕ್ಕೋ ಬಲಕ್ಕೋ ತಿಳಿಯದೆ ಅಲ್ಲೇ ಸುತ್ತುತ್ತದೆ. ತಮ್ಮ ಎರಡೂ ಕೈ ಬಾಯಿಗಿಟ್ಟು ಕೂಗುತ್ತಾನೆ, ದನಿ ಒಡೆದಿದೆ: “ಅಕ್ಕಾ, ಬಟ್ಟೆ ಎತ್ತು! ಎತ್ತೇ! ನಿನಗೆ ಕಾಣ್ತಿಲ್ವಾ?”

ಗುಡ್ಡದಕ್ಕ ಕೆಂಪು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಬಂಡೆಯ ಮೇಲಿಟ್ಟು, ಅದರ ಮೇಲೆ ಕೂರುತ್ತಾಳೆ.

“ಕಾಣ್ತಿದೆ ಕಣೋ,” ಅನ್ನುತ್ತಾಳೆ, ಅವನಿಗೆ ಕೇಳಿಸದಷ್ಟು ಮೆಲ್ಲಗೆ. “ಅದಕ್ಕೇ ಎತ್ತಲ್ಲ.”