ಮುನ್ನೂರು ಕುದುರೆಯ ರಾಡಿಸಾವ್
ನಮ್ಮೂರಿನ ಗಡಿಯಾರ ರಿಪೇರಿಯ ಮುದುಕ ರಾಡಿಸಾವ್ ಅಂಗಡಿ ಮಾರಿ ಕೊಂಡ ಕಾರಿಗೆ ಮುನ್ನೂರು ಕುದುರೆಗಳ ಶಕ್ತಿ. ಅದು ಹೋಗುವುದು ಮಾತ್ರ ಒಂದು ಕಿಲೋಮೀಟರು ಆಚೆಯ ಬ್ರೆಡ್ಡಿನಂಗಡಿಗೆ. ದೂರ ಹೊರಟವರ ಹಿಂದೆ ಮನೆಯಾಕೆ ಚೆಲ್ಲುವ ಶುಭದ ನೀರನ್ನು ದಿನವೂ ತಾನೇ ಚೆಲ್ಲಿ, ಹುಲಿಯಂತೆ ಗುಡುಗುವ ಆ ಯಂತ್ರವನ್ನು ಎಮ್ಮೆಯಂತೆ ನಡೆಸುತ್ತಾನೆ. ಸೈಕಲ್ಲಿನವರೂ ಅವನನ್ನು ಹಿಂದೆ ಹಾಕುತ್ತಾರೆ. ಬ್ರೆಡ್ಡಿನಂಗಡಿಯ ಸ್ಮಿಲ್ಯಾ, "ಏನಜ್ಜ, ಎರಡು ಬ್ರೆಡ್ಡು ಎಳೆಯೋಕೆ ಮುನ್ನೂರು ಕುದುರೆ ಬೇಕಾ?" ಎಂದು ಛೇಡಿಸಿದರೆ, "ಯಾವತ್ತು ಬೇಕಾಗುತ್ತೋ ಯಾರಿಗ್ಗೊತ್ತಮ್ಮ" ಎನ್ನುತ್ತಾನೆ. ದಾರಿಯಲ್ಲಿ ನಾನು ಕಾಯುವ ರೈಲ್ವೆ ಗೇಟು ಹಾಕಿದ್ದರೆ ಹಾರನ್ನನ್ನು ಮುಟ್ಟುವುದೇ ಇಲ್ಲ, ಗಾಜಿಳಿಸಿ ಅದೇ ಮಾತು ಆಡುತ್ತಾನೆ: "ಅವತ್ತು ಆ ಹಳೇ ಡಬ್ಬದ ಬದ್ಲು ಇದಿದ್ದಿದ್ರೆ ಗೇಟು ಬೀಳೋ ಮೊದ್ಲೇ ದಾಟಿಬಿಡ್ತಿದ್ದೆ ಕಣಯ್ಯ. ನನ್ನ ಹೆಂಡ್ತಿ ಯೆಲಿತ್ಸಾ ಜೀವಂತವಾಗಿ ಆಸ್ಪತ್ರೆ ಮುಟ್ತಿದ್ಲು." "ಹೌದಣ್ಣ, ಕಾರಿಂದೇ ತಪ್ಪು" ಎನ್ನುತ್ತೇನೆ. ಅವತ್ತು ನಮ್ಮ ಮನೆದೇವರ ಹಬ್ಬ. ರೈಲಿಗೆ ಇನ್ನೂ ಅರ್ಧ ಗಂಟೆಯಿದ್ದರೂ ಗೇಟು ಇಳಿಸಿ, ಒಳಗೆ ನೆಂಟರೊಡನೆ ರಕಿಯಾ ಸಾರಾಯಿ ಕುಡಿಯುತ್ತಿದ್ದೆ. ಹೊರಗೆ ಅವನು ಹಾರನ್ ಒತ್ತುತ್ತಲೇ ಇದ್ದ. ನನಗೆ ಕೇಳಿಸುತ್ತಿತ್ತು.