ಸಿಸ್ಟರ್ ಸಿಕುಜುವಾಳ ಕಿಟಕಿ
ಟೆಮೆಕೆ ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ಕೂರುವ ಸಿಸ್ಟರ್ ಸಿಕುಜುವಾಳಿಗೆ, ಹೆರಾಯಿನ್ ಬಿಡಲು ಬಂದ ನಮ್ಮೆಲ್ಲರ ಮಿದುಳೂ ಒಂದೊಂದು ಮಿನಿಬಸ್ಸು. “ಸುಖದ ಸುದ್ದಿ ತರೋನಿಗೆ ಅಂತ ಇಟ್ಟ ಸೀಟಿಗೆ ಆ ಪುಡಿ ನುಗ್ಗಿ ಕೂತು ಕಿರುಚಾಡ್ತಿತ್ತು ಕಣ್ರೋ! ನನ್ನ ಔಷಧಿ ಅದೇ ಸೀಟಲ್ಲಿ ದಿನವಿಡೀ ತೆಪ್ಪಗೆ ಕೂರುತ್ತೆ. ಪುಡಿ ಬಂದ್ರೆ ಬಾಗಿಲಲ್ಲಿ ನೇತಾಡ್ಲಿ!” ಎಂದು ಯಾವ ಕಂಡಕ್ಟರಿಗೂ ಕಡಿಮೆಯಿಲ್ಲದಂತೆ ಸಾರುತ್ತಾಳೆ, ಆ ದನಿಗೆ ಬೀದಿಯ ಆಡುಗಳೂ ಸಾಲಾಗಿ ನಿಂತಾವು. ಔಷಧಿಯನ್ನು ಬಾಯಲ್ಲೇ ಉಳಿಸಿಕೊಂಡು ಹೊರಗೆ ಮಾರುವವರಿದ್ದಾರೆ, ಹಾಗಾಗಿ ಔಷಧಿ ಕುಡಿದವರು ಬಾಯಿ ಖಾಲಿಯೆಂದು ಮಾತಾಡಿ ತೋರಿಸಬೇಕು. ಕಿರಿಯರು ಹಿರಿಯರಿಗೆ ಹೇಳುವ “ಶಿಕಮೋ” ಎಂಬ ನಮಸ್ಕಾರವನ್ನೇ ಅವಳು ಹೇಳಿಸುತ್ತಾಳೆ. ಕಳ್ಳರೆಂದು ಸ್ವಂತ ಚಿಕ್ಕಮ್ಮಂದಿರೂ ನಮ್ಮ ನಮಸ್ಕಾರ ಕೇಳಿಸಿಕೊಳ್ಳದ ಊರಲ್ಲಿ, ಇವಳೊಬ್ಬಳು ಪ್ರತಿಯೊಬ್ಬನಿಗೂ “ಮರಹಬಾ, ಮಗನೇ” ಎಂದು, ಹಿರಿಯರು ಕೊಡುವ ಉತ್ತರವನ್ನು ಬಾಯ್ತುಂಬ ಕೊಡುತ್ತಾಳೆ. ಮೊನ್ನೆ ಅವಳಿಗಿಂತ ಹಿರಿಯನಾದ ಮುದುಕ ಶೊಮಾರಿ ಮೊದಲ ಸಲ ಬಂದು, ಔಷಧಿ ಕುಡಿದು, ತಲೆ ತಗ್ಗಿಸಿ “ಶಿ...” ಎಂದು ಶುರುಮಾಡಿದ. “ತಡೀರಿ ಅಜ್ಜ, ನೀವಲ್ಲ,” ಎಂದವಳೇ ಕುರ್ಚಿಯಿಂದೆದ್ದು, ಕಿಟಕಿಯೊಳಗಿಂದಲೇ ಬಾಗಿ, “ಶಿಕಮೋ” ಎಂದಳು. ಮುದುಕನ ಬಾಯಿ ಖಾಲಿಯೇ ಇತ್ತು. ಆದರೂ ಮಾತು ಹೊರಡಲು ಬಹಳ ಹೊತ್ತು ಹಿಡಿಯಿತು. “ಮರಹಬಾ,” ಎಂದ ಕೊನೆಗೆ, “ಮರಹಬಾ, ಮಗಳೇ.”