ಇಂಡಿಯಾ ಗೇಟಿನಲ್ಲಿ ಒಂದು ಹಿಡಿ ಮಣ್ಣು

ದೆಹಲಿಯ ಕೆಂಪುಕೋಟೆಯಲ್ಲಿ ನಿಂತು ನಾನು ಕೊನೆಯ ಬಾದಶಹನ ಕಣ್ಣಲ್ಲಿ ನೀರು ತರಿಸಿದೆ.

ಗೈಡ್ ಹೇಳಿದ್ದು ಇಷ್ಟೇ: ಬ್ರಿಟಿಷರು ಮುದುಕ ಬಾದಶಹನನ್ನು ಹಿಡಿದು ರಂಗೂನಿಗೆ ಸಾಗಿಸಿದರು, ಅವನು ಅಲ್ಲೇ ಸತ್ತ. ಅದನ್ನು ನಾನು ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಜನಕ್ಕೆ ಕನ್ನಡದಲ್ಲಿ ಹೇಳುವಷ್ಟರಲ್ಲಿ ಬಾದಶಹ ಹೊಸ್ತಿಲು ಮುಟ್ಟಿ ನಮಸ್ಕಾರ ಮಾಡಿದ್ದ. ಅರಮನೆಯ ಕಡೆ ತಿರುಗಿ ನೋಡಿದ್ದ. ಗೊಳೋ ಎಂದು ಅತ್ತಿದ್ದ. ನಮ್ಮ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು.

ಬಸ್ ಕಂಡಕ್ಟರಾಗಿ ರಿಟೈರಾದ ನನ್ನ ಗೆಳೆಯ ಬೋರಯ್ಯ ಮಾತ್ರ ಹತ್ತಿರ ಬಂದು, ‘ಲೇ, ಗೈಡು ಹೇಳಿದ್ದು ಎರಡು ಮಾತು. ನೀನು ಹೇಳಿದ್ದು ಒಂದು ನಾಟಕದಷ್ಟು. ಉಳಿದದ್ದು ಎಲ್ಲಿಂದ ಬಂತಲೇ?’ ಅಂದ.

‘ಹಿಂದಿ ಅಂದ್ರೆ ಹಂಗೇ ಕಣಲೇ. ಸಣ್ಣ ಮಾತಿನಾಗೆ ದೊಡ್ಡ ಅರ್ಥ ಇರ್ತೈತೆ.’

‘ಚಾಲು ರಾ ನಾಯನಾ’, ಸಾಕು ಬಿಡಪ್ಪ, ಎಂದು ತೆಲುಗಿನಲ್ಲಿ ಹೇಳಿ ಕೈ ಮುಗಿದು ಹೋದ. (ನಮ್ಮ ಕಡೆ ಬೈಗುಳಕ್ಕೆ ಒಂದು ಭಾಷೆ ಸಾಲುವುದಿಲ್ಲ.)

ಪ್ರತಿ ವಾರ ಪತ್ರಿಕೆಯ ಈ ಜಾಗದಲ್ಲಿ ನಾನು ಊರವರ ತಪ್ಪು ಎತ್ತಿ ಆಡುತ್ತೇನೆ. ರಸ್ತೆಗೆ ನೀರು ಬಿಟ್ಟವನು, ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದವನು, ಯಾರನ್ನೂ ಬಿಟ್ಟವನಲ್ಲ. ಈ ವಾರ ಸರದಿ ನನ್ನದು. ನಗುವುದಿದ್ದರೆ ಈಗಲೇ ನಕ್ಕುಬಿಡಿ. ಮುಂದೆ ಅಷ್ಟು ನಗು ಇಲ್ಲ.

ನಾವೊಂದಷ್ಟು ಹಿರಿಯರು ಕಾಶಿಗೆ ಹೋಗಿದ್ದೆವು. ವಾಪಸ್ ಬರುವಾಗ ದೆಹಲಿಯಲ್ಲಿ ಒಂದು ದಿನ. ಬೆಳಿಗ್ಗೆ ಬಸ್ ಹತ್ತಿಸಿ, ಊರೆಲ್ಲ ತೋರಿಸಿ, ಸಂಜೆ ರೈಲ್ವೆ ಸ್ಟೇಷನ್ನಿಗೆ ಬಿಡುವ ಟೂರು. ಗೈಡ್ ಪೇಟ ಸುತ್ತಿದ ಸರದಾರ್ಜಿ. ಅವರಿಗೆ ಕನ್ನಡ ಬಾರದು, ನಮ್ಮವರಿಗೆ ಹಿಂದಿ ಬಾರದು. ಎಲ್ಲರೂ ನನ್ನ ಕಡೆ ನೋಡಿದರು. ಮೊಳಕಾಲ್ಮೂರು ಸೀರೆ ಹೊತ್ತು ಬಳ್ಳಾರಿ, ಹೈದರಾಬಾದ್ ತಿರುಗಿದವನು ನಾನು. ‘ನಾನಿದ್ದೀನಲ್ಲ’ ಅಂದೆ.

ನಿಜ ಹೇಳುತ್ತೇನೆ. ನನ್ನ ಹಿಂದಿ ಸೀರೆಯ ಹಿಂದಿ. ಅಂಚು, ಸೆರಗು, ಬಣ್ಣ ಹೋಗಲ್ಲ, ರೇಷ್ಮೆ ಅಸಲಿ. ಇಷ್ಟರಲ್ಲಿ ಮೊಗಲರ ಅವಸಾನ ಹೇಳಲಾಗುತ್ತದೆಯೇ? ಆಗುವುದಿಲ್ಲ. ಆದರೂ ಹೇಳಿದೆ.

ಈ ಧೈರ್ಯ ನನಗೆ ಎಲ್ಲಿಂದ ಬಂತು? ನಮ್ಮೂರ ಬಂಡೆಯಿಂದ. ನಾನು ಸಿದ್ದಾಪುರದವನು. ನಮ್ಮೂರ ಪಕ್ಕದಲ್ಲಿ ಅಶೋಕನ ಕಾಲದ ಬರಹವಿರುವ ಬಂಡೆ ಇದೆ. ಅದನ್ನು ನೋಡಲು ಕಾರುಗಳು ಬರುತ್ತವೆ. ಬಂದವರಿಗೆ ನಾನು ಬೆರಳು ಮಾಡಿ ತೋರಿಸಿ ಓದಿ ಹೇಳುತ್ತೇನೆ: ‘ಇಲ್ಲಿ ನೋಡಿ, ತಂದೆತಾಯಿ ಮಾತು ಕೇಳು ಅಂತ ಐತೆ. ಈ ಸಾಲು, ಪ್ರಾಣಿಗೆ ದಯೆ ತೋರ್ಸು ಅಂತ.’ ಆ ಲಿಪಿಯ ಒಂದು ಅಕ್ಷರವೂ ನನಗೆ ಗೊತ್ತಿಲ್ಲ. ಹೈಸ್ಕೂಲಿನ ಮೇಷ್ಟ್ರು ಹೇಳಿದ ಸಾರಾಂಶ ನೆನಪಿದೆ, ಅಷ್ಟೇ. ಯಾವ ಸಾಲಿನ ಮೇಲೆ ಬೆರಳಿಟ್ಟರೇನು, ಬಂಡೆ ಎದ್ದು ಬಂದು ಸುಳ್ಳು ಅನ್ನುತ್ತದೆಯೇ? ಬಂದವರು ತಲೆದೂಗುತ್ತಾರೆ. ಕೈ ಕುಲುಕಿ ಹೋಗುತ್ತಾರೆ. ವರ್ಷಗಟ್ಟಲೆ ಹೀಗೆ ನಡೆದರೆ ಮನುಷ್ಯನಿಗೆ ಒಂದು ಕಾಯಿಲೆ ಹತ್ತುತ್ತದೆ. ಯಾವುದನ್ನು ಕೇಳಿದರೂ ಬಾಯಿಗೆ ಉತ್ತರ ಬಂದುಬಿಡುತ್ತದೆ.

ಬಸ್ಸು ಒಂದು ಹಳೆಯ ಕೋಟೆಯ ಗೋಡೆ ದಾಟುವಾಗ ಸರದಾರ್ಜಿ ಮೈಕು ಹಿಡಿದು ತುಸು ಹೊತ್ತು ಮಾತಾಡಿದರು. ದನಿ ತಗ್ಗಿತ್ತು. ಡೇರೆ ಅಂದದ್ದು ತಿಳಿಯಿತು. ‘ರಾಜನ ಸೈನ್ಯ ಇಲ್ಲಿ ಡೇರೆ ಹಾಕಿತ್ತಂತೆ’ ಅಂದೆ. ಅವರು ಹೇಳಿದ್ದು ಬೇರೆ ಅಂತ ಆಮೇಲೆ ಗೊತ್ತಾಯಿತು. ದೇಶ ಒಡೆದಾಗ ಮನೆಮಠ ಕಳೆದುಕೊಂಡು ಬಂದವರು ಆ ಗೋಡೆಯ ಒಳಗೆ ಡೇರೆಗಳಲ್ಲಿ ಬದುಕಿದ್ದರಂತೆ. ಅವರಲ್ಲಿ ಒಬ್ಬರು ಸರದಾರ್ಜಿಯ ಅಜ್ಜ. ಒಬ್ಬ ಮನುಷ್ಯ ತನ್ನ ಮನೆಯ ದುಃಖ ಹೇಳುತ್ತಿದ್ದಾಗ ನಾನು ಇಲ್ಲದ ರಾಜನ ಸೈನ್ಯವನ್ನು ಮೆರವಣಿಗೆ ಮಾಡಿಸಿದ್ದೆ.

ಇಷ್ಟೇ ಆಗಿದ್ದರೆ ಈ ಅಂಕಣ ಬರೆಯುತ್ತಿರಲಿಲ್ಲ. ಸರದಾರ್ಜಿಯ ಹತ್ತಿರ ಕ್ಷಮೆ ಕೇಳಿ ಮುಗಿಸುತ್ತಿದ್ದೆ.

ನಮ್ಮ ಜೊತೆ ಪಾಪಮ್ಮ ಬಂದಿದ್ದಳು. ನಮ್ಮೂರವಳೇ. ಅವಳ ಅಣ್ಣ ಪಾಲಯ್ಯ ನನ್ನ ಹೈಸ್ಕೂಲ್ ಗೆಳೆಯ. ಒಂದೇ ಬೆಂಚು. ಅವನು ಮಿಲಿಟರಿಗೆ ಸೇರಿದ, ನಾನು ಸೀರೆಗೆ ಸೇರಿದೆ. ಬಾಂಗ್ಲಾ ಯುದ್ಧದಲ್ಲಿ ಪಾಲಯ್ಯ ಹೋಗಿಬಿಟ್ಟ. ದೇಹ ಊರಿಗೆ ಬರಲಿಲ್ಲ, ಅಲ್ಲೇ ಸಂಸ್ಕಾರ ಮಾಡಿದರಂತೆ. ಅವನ ಟ್ರಂಕು ಮಾತ್ರ ಬಂತು.

ನಮ್ಮ ಕಡೆ ಸತ್ತವರನ್ನು ಹೂಳುವಾಗ ಒಡಹುಟ್ಟಿದವರು, ಬಂಧುಗಳು, ಊರವರು ಒಬ್ಬೊಬ್ಬರೂ ಹಿಡಿ ಮಣ್ಣು ಹಾಕಬೇಕು. ಅದು ಕೊನೆಯ ಋಣ. ಪಾಲಯ್ಯನಿಗೆ ಯಾರೂ ಹಾಕಲಿಲ್ಲ. ಎಲ್ಲಿ ಹಾಕುವುದು? ‘ಮಣ್ಣು ಹಾಕ್ದೇ ಇರೋನಿಗೆ ಎಡೆ ಹೆಂಗೆ ಇಡ್ಲಿ?’ ಎಂದು ಅವನ ಅವ್ವ ಪಿತೃಪಕ್ಷದಲ್ಲಿ ಹಿರಿಯರಿಗೆಲ್ಲ ಎಡೆ ಇಟ್ಟರೂ ಮಗನಿಗೆ ಇಡಲಿಲ್ಲ. ಫೋಟೋಕ್ಕೆ ಹಾರ ಹಾಕಲಿಲ್ಲ. ಅವ್ವ ಸತ್ತ ಮೇಲೆ ಪಾಪಮ್ಮನೂ ಹಾಗೇ ನಡೆಸಿಕೊಂಡು ಬಂದಳು. ಪಾಲಯ್ಯ ಬದುಕಿದವರ ಲೆಕ್ಕದಲ್ಲೂ ಇಲ್ಲ, ಹಿರಿಯರ ಸಾಲಿನಲ್ಲೂ ಇಲ್ಲ.

ದೆಹಲಿಯಲ್ಲಿ ಸತ್ತ ಸೈನಿಕರ ಹೆಸರು ಕಲ್ಲಿನ ಮೇಲೆ ಕೆತ್ತಿದ್ದಾರೆ ಅಂತ ಅವಳಿಗೆ ಯಾರೋ ಹೇಳಿದ್ದರು. ಹೊಲದಲ್ಲಿ ಅವ್ವನನ್ನು ಹೂತ ಜಾಗದಿಂದ ಒಂದು ಹಿಡಿ ಮಣ್ಣು ತೆಗೆದು, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದಳು. ಎಲ್ಲರಿಗೂ ಅದು ಕಾಶಿ ಯಾತ್ರೆ. ಅವಳಿಗೆ ದೆಹಲಿಯೇ ಯಾತ್ರೆ.

ಇಂಡಿಯಾ ಗೇಟಿನ ಮುಂದೆ ಬಸ್ಸು ನಿಂತಿತು. ಸರದಾರ್ಜಿ ವಿವರಿಸಿದರು. ನಾನು ಕೇಳಿಸಿಕೊಳ್ಳಲಿಲ್ಲ. ಅವರ ಮಾತು ಮುಗಿದ ಮೇಲೆ ನಾನು ಏನು ಹೇಳಲಿ ಎಂದು ಮನಸ್ಸಿನಲ್ಲಿ ಸಾಲು ಜೋಡಿಸುತ್ತಿದ್ದೆ. (ಭಾಷಣ ಮಾಡುವವರಿಗೆ ಈ ಕಷ್ಟ ಗೊತ್ತು.) ಕೊನೆಗೆ ಅರ್ಧ ಗಂಟೆ ಅಂದದ್ದು ಮಾತ್ರ ಕಿವಿಗೆ ಬಿತ್ತು.

‘ಅರ್ಧ ಗಂಟೆ ರೆಸ್ಟು. ಕುಲ್ಫಿ ತಿನ್ನೋರು ತಿನ್ರಿ’ ಅಂದೆ.

ಪಾಪಮ್ಮ ಬಂದು ನನ್ನ ತೋಳು ಹಿಡಿದಳು. ‘ಅಣ್ಣ, ಇದೇನಾ?’

‘ಇದೇ ತಾಯಿ.’

‘ಪಾಲಣ್ಣನ ಹೆಸ್ರು ಎಲ್ಲೈತೆ?’

ತಲೆಯೆತ್ತಿ ನೋಡಿದೆ. ಆಕಾಶದೆತ್ತರದ ಕಮಾನು. ಮೈತುಂಬ ಇಂಗ್ಲಿಷ್ ಅಕ್ಷರ. ನನ್ನ ಕಣ್ಣಿಗೆ ಅವು ಇರುವೆ ಸಾಲು. ಒಂದೂ ಕಾಣಿಸಲಿಲ್ಲ. ಆದರೆ ಬೆರಳು ಮೇಲೆದ್ದಿತ್ತು.

‘ಅಗೋ, ಆ ಮೂಲೆಯಿಂದ ಕೆಳಗೆ ಬಾ. ಅಲ್ಲಿ. ಪಾಲಯ್ಯ, ಚಿತ್ರದುರ್ಗ ಜಿಲ್ಲೆ ಅಂತ ಐತೆ ನೋಡು.’

ಜಿಲ್ಲೆಯನ್ನೂ ಸೇರಿಸಿದೆ! ಕೇಳಿದ್ದಕ್ಕಿಂತ ಹೆಚ್ಚು ಕೊಡುವುದು ನನ್ನ ವ್ಯಾಪಾರದ ಚಾಳಿ.

ಅವಳು ಆ ಕಡೆ ಬಹಳ ಹೊತ್ತು ನೋಡಿದಳು. ಸರಪಳಿಯ ಆಚೆ ಬಿಡುವುದಿಲ್ಲ. ಈಚೆಗೇ ಕೂತು, ಗಂಟು ಬಿಚ್ಚಿ, ಹುಲ್ಲಿನ ಮೇಲೆ ಮಣ್ಣು ಹಾಕಿದಳು. ಬಟ್ಟೆಯನ್ನು ಕೊಡವಿ ಕೊಡವಿ ಹಾಕಿದಳು, ಒಂದು ಕಣವೂ ಉಳಿಯಬಾರದು ಎಂಬಂತೆ. ‘ಅವ್ವ ಕಳ್ಸವಳೆ ಕಣೋ’ ಅಂದಳು. ಕುಲ್ಫಿ ತಿನ್ನುತ್ತಿದ್ದ ನಮ್ಮವರು ಕಡ್ಡಿ ಕೆಳಗೆ ಹಾಕಿ ಎದ್ದು ನಿಂತರು. ಬೋರಯ್ಯ ಟೋಪಿ ತೆಗೆದ. ಒಳ್ಳೆಯ ಕೆಲಸ ಮಾಡಿದೆ ಅಂತಲೇ ಅಂದುಕೊಂಡೆ.

ಊಟ ಮುಗಿಸಿ ಕುತುಬ್ ಮಿನಾರಿಗೆ ಹೋದೆವು. ನೀರಿನ ನಲ್ಲಿಯ ಹತ್ತಿರ ಸರದಾರ್ಜಿ ನನ್ನನ್ನು ಕೇಳಿದರು, ‘ಚಾಚಾ, ಆ ತಾಯಿ ಅಲ್ಲಿ ಮಣ್ಣು ಯಾಕೆ ಹಾಕಿದರು?’

ನನ್ನ ಸೀರೆಯ ಹಿಂದಿಯಲ್ಲಿ ಹೇಳಿದೆ. ಅಣ್ಣ. ಬಾಂಗ್ಲಾ ಯುದ್ಧ.

ಅವರು ಹಣೆಗೆ ಕೈ ಹಚ್ಚಿಕೊಂಡರು. ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದರು: ‘ಆ ಕಮಾನಿನ ಮೇಲಿರುವುದು ಬ್ರಿಟಿಷರ ಕಾಲದಲ್ಲಿ ಸತ್ತವರ ಹೆಸರು. ಸ್ವಾತಂತ್ರ್ಯ ಬಂದ ಮೇಲಿನವರ ಹೆಸರು ಅದರ ಹಿಂದೆಯೇ ಇರುವ ಯುದ್ಧ ಸ್ಮಾರಕದಲ್ಲಿದೆ. ಅದನ್ನು ನೋಡಿ ಬರಲಿ ಅಂತಲೇ ನಾನು ಅರ್ಧ ಗಂಟೆ ಕೊಟ್ಟದ್ದು. ಬಸ್ಸಿಳಿದ ತಕ್ಷಣ ಹೇಳಿದೆನಲ್ಲ?’

ನಾನು ನಲ್ಲಿ ತಿರುಗಿಸಿ ನಿಲ್ಲಿಸಿದೆ.

ಅವರು ಒಳ್ಳೆಯ ಮನುಷ್ಯ. ‘ಈಗಲೂ ಟೈಮಿದೆ. ಟ್ಯಾಕ್ಸಿ ಹತ್ತಿಸುತ್ತೇನೆ. ನೀವಿಬ್ಬರು ನೋಡಿಕೊಂಡು ನೇರ ಸ್ಟೇಷನ್ನಿಗೆ ಬನ್ನಿ’ ಅಂದರು.

ಟ್ಯಾಕ್ಸಿ ಹತ್ತಬೇಕಾದರೆ ಯಾಕೆ ಅಂತ ಪಾಪಮ್ಮನಿಗೆ ಹೇಳಬೇಕು. ಬೋರಯ್ಯನ ಎದುರು ಹೇಳಬೇಕು. ಬಸ್ಸಿನವರಿಗೆಲ್ಲ ತಿಳಿಯುತ್ತದೆ. ಹಾಗಾದರೆ ಬಾದಶಹ ಅತ್ತದ್ದೂ ಸುಳ್ಳಾ ಅನ್ನುತ್ತಾರೆ. ಇಷ್ಟೆಲ್ಲ ಒಂದೇ ಉಸಿರಿನಲ್ಲಿ ತಲೆಯೊಳಗೆ ಓಡಿತು. ‘ಬೇಡ, ಆಕೆಗೆ ಸುಸ್ತಾಗಿದೆ’ ಅಂದೆ.

ಸುಸ್ತು? ಪಾಪಮ್ಮ ಅಲ್ಲಿನ ಕಬ್ಬಿಣದ ಕಂಬದ ಸುತ್ತ ಹುಡುಗಿಯ ಹಾಗೆ ಓಡಾಡುತ್ತಿದ್ದಳು. ನಮ್ಮಿಬ್ಬರ ಮುಖ ನೋಡಿ ಹತ್ತಿರ ಬಂದಳು.

‘ಏನಂತೆ ಅಣ್ಣ?’

‘ಏನಿಲ್ಲ. ಸ್ಟೇಷನ್ನಿಗೆ ಟೈಮಾತಂತೆ.’

ಆ ಒಂದು ದಿನದಲ್ಲಿ ನಾನು ಹೇಳಿದ ಸುಳ್ಳುಗಳಲ್ಲಿ ಇದೇ ತೀರ ಚಿಕ್ಕದು. ಇದೇ ತೀರ ಕೆಟ್ಟದ್ದು.

ನಮಗೆ ಇದೇನು ರೋಗ ಹೇಳಿ? ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನಾದರೂ ಒಂದು ವಿಳಾಸ ಕೇಳಿ ನೋಡಿ. ಗೊತ್ತಿದ್ದವನೂ ಕೈ ತೋರಿಸುತ್ತಾನೆ, ಗೊತ್ತಿಲ್ಲದವನೂ ತೋರಿಸುತ್ತಾನೆ. ಗೊತ್ತಿಲ್ಲದವನ ಕೈ ಇನ್ನೂ ನೆಟ್ಟಗಿರುತ್ತದೆ! ಮಂಡಿನೋವಿಗೆ ಔಷಧ ಕೇಳಿ, ಬೋರ್‌ವೆಲ್ಲಿಗೆ ಜಾಗ ಕೇಳಿ, ಮಗಳಿಗೆ ಕಾಲೇಜು ಕೇಳಿ. ಚಹಾದ ಅಂಗಡಿಯಲ್ಲಿ ಕೂತ ನಾವು ಯಾವತ್ತಾದರೂ ಬಾಯಿ ಕಟ್ಟಿಕೊಂಡಿದ್ದೇವೆಯೇ? ಕೇಳಿದವರು ತಪ್ಪು ದಾರಿಯಲ್ಲಿ ಹೋದರೆ ನಮಗೇನು, ನಮ್ಮ ಬಸ್ಸು ಬಂದಿರುತ್ತದೆ.

ಆದರೆ ಪಾಪಮ್ಮನೂ ನಾನೂ ಹತ್ತಿದ್ದು ಒಂದೇ ಬಸ್ಸು. ಇಳಿದದ್ದು ಒಂದೇ ಊರಿನಲ್ಲಿ.

ಊರಿಗೆ ಬಂದ ವಾರದಲ್ಲೇ ಅವಳು ಅಣ್ಣನಿಗೆ ಮೊದಲ ಸಲ ಎಡೆ ಇಟ್ಟಳು. ಮಿಲಿಟರಿ ಡ್ರೆಸ್ಸಿನ ಫೋಟೋಕ್ಕೆ ಹಾರ. ಹೊಸ ಪಂಚೆ, ಹೋಳಿಗೆ, ಕಡ್ಲೆ ಪಾಯಸ. ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು: ‘ಇವ್ನಿಲ್ದಿದ್ರೆ ನಂಗೆ ಆ ಹೆಸ್ರು ಕಾಣ್ತಾನೇ ಇರ್ಲಿಲ್ಲ.’ ನನ್ನನ್ನು ಮೊದಲ ಪಂಕ್ತಿಯ ಮೊದಲ ಎಲೆಗೆ ಕೂರಿಸಿದಳು. ಹೋಳಿಗೆಗೆ ತುಪ್ಪ ಸುರಿದಳು. ಎದುರಿಗೆ ಫೋಟೋದಲ್ಲಿ ಪಾಲಯ್ಯ, ಬೆಂಚಿನಲ್ಲಿ ಪಕ್ಕ ಕೂತಿದ್ದಾಗಿನ ಅದೇ ಮುಖ. ತಲೆ ತಗ್ಗಿಸಿ ಉಂಡು ಎದ್ದೆ.

ಮಾರನೆಯ ದಿನ ಹೋದೆ. ಅವಳು ಜಗಲಿಯಲ್ಲಿ ಕಡ್ಲೆಕಾಯಿ ಸುಲಿಯುತ್ತಿದ್ದಳು. ಎಲ್ಲ ಹೇಳಿದೆ. ಈ ಸಲ ಏನೂ ಸೇರಿಸಲಿಲ್ಲ.

ಅವಳ ಕೈ ನಿಂತಿತು. ‘ಅದಲ್ಲ ಅಂತ ನಿಂಗೆ ಯಾವಾಗ ಗೊತ್ತಾತು?’

‘ಅವತ್ತೇ. ಮಧ್ಯಾಹ್ನ.’

‘ಆ ಕಬ್ಬಿಣದ ಕಂಬದ ತಾವ?’

‘ಹೂಂ.’

‘ನಾನು ಬಂದು ಏನಂತೆ ಅಂತ ಕೇಳಿದ್ನಲ್ಲ ಅಣ್ಣ.’

ಕೈಯಲ್ಲಿದ್ದ ಕಡ್ಲೆಕಾಯಿಯನ್ನು ಅವಳು ಸುಲಿಯದೆ ಕೆಳಗೆ ಹಾಕಿದಳು.

‘ಗೊತ್ತಿಲ್ದೆ ಹೇಳ್ದೆ, ಅದು ಹಾಳಾಗಿ ಹೋಗ್ಲಿ. ಗಂಡಸ್ರಿಗೆ ಆ ಚಟ ಇರ್ತೈತೆ. ಗೊತ್ತಾದ ಮ್ಯಾಲೆ ಬಾಯಿ ಮುಚ್ಕಂಡೆಯಲ್ಲ, ಟೈಮಿತ್ತು, ಗಾಡಿ ಇತ್ತು. ಪಾಲಣ್ಣನ ಜೊತೆ ಒಂದೇ ಬೆಂಚಿನಾಗೆ ಕುಂತೋನು ಮಾಡೋ ಕೆಲ್ಸನಾ ಇದು? ನೆನ್ನೆ ಅವನ ಎಡೆ ಊಟನೂ ಉಂಡೆ.’

ಮತ್ತೆ ಸುಲಿಯತೊಡಗಿದಳು. ಆ ಮನೆಯಲ್ಲಿ ನನಗೆ ಕಾಫಿ ಬಾರದೆ ಹೋದದ್ದು ಅದೇ ಮೊದಲು. ಆಮೇಲೆ ಎಷ್ಟೋ ದಿನ ಎದುರಿಗೆ ಸಿಕ್ಕರೂ ಸೆರಗು ಸರಿ ಮಾಡಿಕೊಂಡು ಆಚೆ ಹೋಗುತ್ತಿದ್ದಳು. ಬೋರಯ್ಯನಿಗೆ ನಾನೇ ಹೇಳಿದೆ. ಅವನು ಗೇಲಿ ಮಾಡುತ್ತಾನೆ ಅಂದುಕೊಂಡಿದ್ದೆ. ಮಾಡಲಿಲ್ಲ. ಅದು ಇನ್ನೂ ಉರಿಯಿತು.

ಮೊನ್ನೆ ಪಾಪಮ್ಮ ತಾನಾಗಿ ನಮ್ಮ ಮನೆಗೆ ಬಂದಳು. ಕೂರಲಿಲ್ಲ. ಕಡ್ಲೆಕಾಯಿ ಕೆಲಸ ಮುಗಿದ ಮೇಲೆ ಮಗಳ ಜೊತೆ ಮತ್ತೆ ದೆಹಲಿಗೆ ಹೋಗುತ್ತಾಳಂತೆ. ‘ನಾನೂ ಬರ್ತೀನಿ’ ಅಂದೆ. ಬಾ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಬಾಗಿಲು ಹಿಡಿದುಕೊಂಡು ಒಂದು ಮಾತು ಕೇಳಿದಳು:

‘ಅಲ್ಲಿ ಹೆಸ್ರು ಎಷ್ಟು ಎತ್ತರದಾಗೆ ಇರ್ತೈತೆ? ನನ್ನ ಕೈಗೆ ಎಟುಕ್ತೈತಾ?’

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಕೈಗೆ ಸಿಗುವ ಹಾಗೇ ಕೆತ್ತಿದ್ದಾರೆ, ಕಪ್ಪು ಕಲ್ಲು, ಬಂಗಾರದ ಅಕ್ಷರ. ಎಷ್ಟು ಚೆನ್ನಾಗಿ ಹೇಳಬಹುದಿತ್ತು!

‘ಗೊತ್ತಿಲ್ಲ ಪಾಪಮ್ಮ. ವಿಚಾರಿಸಿ ಹೇಳ್ತೀನಿ.’

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

‘ಈ ಮಾತು ಅವತ್ತೇ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತಣ್ಣ?’